ಜಿಪ್, ಸಬ್‌ವರ್ಷನ್, ಗಿಟ್: ಮೂರನ್ನೂ ಬಳಸಿ ನೋಡಿದ ಮೇಲೆ

ನಮ್ಮದು ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುವ ಮೂವರ ತಂಡ. ಕೋಡಿನ ಹಳೆಯ ರೂಪಗಳನ್ನು, ಬದಲಾವಣೆಗಳನ್ನು ಉಳಿಸಿಡಲು ನಾವು ಮೂರು ದಾರಿ ಬಳಸಿದ್ದೇವೆ. ಮೊದಮೊದಲು ದಿನಾ ಸಂಜೆ ಫೋಲ್ಡರನ್ನು ಜಿಪ್ ಮಾಡಿ, ತಾರೀಕು ಹಾಕಿ ಇಡುತ್ತಿದ್ದೆವು. ಕಲಿಯುವುದೇನೂ ಇಲ್ಲ, ಅದೇ ಅದರ ಅನುಕೂಲ. ಆದರೆ ಇಬ್ಬರು ಒಂದೇ ಫೈಲ್ ಮುಟ್ಟಿದರೆ ಕಷ್ಟ. ಗೆಳೆಯ ಬರೆದಿದ್ದ ರಿಯಾಯಿತಿ ಲೆಕ್ಕದ ಮೇಲೆ ನನ್ನ ಹಳೆಯ ಫೈಲ್ ಕಾಪಿ ಆಗಿ, ಅವನ ಎರಡು ದಿನದ ಕೆಲಸ ಹೋಯಿತು.

ಆಮೇಲೆ ಸಬ್‌ವರ್ಷನ್‌ಗೆ ಬಂದೆವು. 2004ರಲ್ಲಿ 1.0 ಆವೃತ್ತಿ ಬಂದ ಹಳೆಯ ಟೂಲ್ ಅದು, ಕೋಡಿನ ಇತಿಹಾಸವನ್ನು ಒಂದು ಸರ್ವರ್‌ನಲ್ಲಿ ಇಡುತ್ತದೆ. ನಿಮ್ಮ ಕೈಲಿರುವ ಫೈಲ್ ಹಳೆಯದಾಗಿದ್ದರೆ ಕಮಿಟ್ (ಬದಲಾವಣೆಯನ್ನು ಒಂದು ಮೆಸೇಜ್ ಜೊತೆ ದಾಖಲಿಸುವುದು) ತಗೊಳ್ಳುವುದಿಲ್ಲ, ಮೊದಲು ಅಪ್‌ಡೇಟ್ ಮಾಡು ಅನ್ನುತ್ತದೆ. ಒಬ್ಬರದನ್ನು ಇನ್ನೊಬ್ಬರು ಅಳಿಸುವುದು ಅಲ್ಲಿಗೆ ನಿಂತಿತು. ರಿವಿಷನ್‌ಗಳಿಗೆ, ಅಂದರೆ ಒಂದೊಂದು ಕಮಿಟ್‌ಗೂ, 1, 2, 3 ಅಂತ ಸಾಲಾಗಿ ನಂಬರ್. ‘412 ನೋಡು’ ಅಂತ ಫೋನಿನಲ್ಲೇ ಹೇಳಬಹುದು. ಗಿಟ್‌ನಲ್ಲಿ ಪ್ರತಿ ಕಮಿಟ್‌ಗೆ ಸಿಗುವ 40 ಅಕ್ಷರದ ಐಡಿಯಲ್ಲಿ ಆ ಸುಖ ಇಲ್ಲ. ಆದರೆ ಕಮಿಟ್ ಮಾಡಲು ಸರ್ವರ್ ಸಿಗಲೇಬೇಕು. ರೈಲಿನಲ್ಲಿ ಕೂತು ಮಾಡಿದ ಐದು ಬದಲಾವಣೆ ಮನೆಗೆ ಬಂದ ಮೇಲೆ ಒಂದೇ ದೊಡ್ಡ ಕಮಿಟ್ ಆಗುತ್ತಿತ್ತು.

ಗಿಟ್‌ನಂಥದೇ ಇನ್ನೊಂದು ಟೂಲ್ ಮರ್ಕ್ಯೂರಿಯಲ್ ಕೂಡ ಸ್ವಲ್ಪ ದಿನ ನೋಡಿದೆ. ಕಮಾಂಡ್‌ಗಳು ಗಿಟ್‌ಗಿಂತ ಸಲೀಸು. ಆದರೆ ಹೊಸದಾಗಿ ಸೇರುವವರಿಗೆಲ್ಲ ಗಿಟ್ ಗೊತ್ತಿರುತ್ತದೆ ಅಲ್ವಾ, ಹಾಗಾಗಿ ಮುಂದುವರಿಸಲಿಲ್ಲ.

ಗಿಟ್ಟನ್ನು ಲೈನಸ್ ಟೋರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕರ್ನಲ್‌ಗಾಗಿ (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಬರೆದದ್ದು. ಇಡೀ ಇತಿಹಾಸ ನಮ್ಮ ಲ್ಯಾಪ್‌ಟಾಪಿನಲ್ಲೇ ಇರುತ್ತದೆ. ನೆಟ್ ಇಲ್ಲದಿದ್ದರೂ ಕಮಿಟ್ ಮಾಡಬಹುದು, ಹಾಗಾಗಿ ಚಿಕ್ಕ ಚಿಕ್ಕ ಕಮಿಟ್ ಮಾಡುವ ಅಭ್ಯಾಸವಾಯಿತು. ಸ್ಟೇಜಿಂಗ್ (ಕಮಿಟ್‌ಗೆ ಹೋಗಬೇಕಾದ್ದನ್ನು ಮೊದಲು ಆರಿಸಿಡುವುದು), ರೀಬೇಸ್ (ನಮ್ಮ ಕಮಿಟ್‌ಗಳನ್ನು ಬೇರೆ ಕಮಿಟ್‌ನ ಮೇಲೆ ಮತ್ತೆ ಜೋಡಿಸುವುದು) ಅರ್ಥವಾಗಲು ಒಂದು ತಿಂಗಳು ಬೇಕಾಯಿತು, ನಿಜ.

ಗಿಟ್‌ನ ಬೆಲೆ ತಿಳಿದದ್ದು ಒಂದು ರೂಪಾಯಿಯಿಂದ. ಒಬ್ಬ ಗ್ರಾಹಕರ ಬಿಲ್‌ನಲ್ಲಿ ಒಟ್ಟು ಮೊತ್ತ ಒಂದು ರೂಪಾಯಿ ಜಾಸ್ತಿ ಬರುತ್ತಿತ್ತು. ಹಿಂದಿನ ತಿಂಗಳು ಸರಿ ಇತ್ತು, ನಡುವೆ ಸುಮಾರು 200 ಕಮಿಟ್. ಗಿಟ್‌ನ ಬೈಸೆಕ್ಟ್ ಕಮಾಂಡ್ ಕೊಟ್ಟೆ. ಸರಿ ಇದ್ದದ್ದು ಯಾವುದು, ಕೆಟ್ಟದ್ದು ಯಾವುದು ಅಂತ ಹೇಳಿದರೆ ಅದು ಪ್ರತಿ ಸಲ ನಡುವಿನ ಕಮಿಟ್ ತೆಗೆದುಕೊಡುತ್ತದೆ. ಎಂಟು ಸಲ ಬಿಲ್ ಹಾಕಿ ನೋಡಿದ್ದಕ್ಕೆ ತಪ್ಪಿನ ಕಮಿಟ್ ಸಿಕ್ಕಿತು. ತೆರಿಗೆಯನ್ನು ಕೊನೆಯಲ್ಲಿ ಒಟ್ಟಿಗೆ ರೌಂಡ್ ಮಾಡುವ ಬದಲು ಸಾಲುಸಾಲಿಗೆ ಮಾಡಿದ್ದರು. ಸುಮ್ನೆ ಹಿಂದಕ್ಕೆ ತಗೊಂಡುಬಿಡೋಣ ಅಂದುಕೊಂಡೆ. ಆದರೆ ಕಮಿಟ್ ಮೆಸೇಜಿನಲ್ಲಿ ಗೆಳೆಯ ಬರೆದಿದ್ದ: ‘ಪ್ರಿಂಟ್ ಆದ ಬಿಲ್‌ನಲ್ಲಿ ಸಾಲುಗಳನ್ನು ಕೂಡಿದರೆ ಒಟ್ಟು ಮೊತ್ತಕ್ಕೆ ತಾಳೆ ಆಗ್ತಿರಲಿಲ್ಲ.’ ಹಿಂದಕ್ಕೆ ತಗೊಂಡಿದ್ದರೆ ಆ ಹಳೆಯ ತಪ್ಪು ಮತ್ತೆ ಬರುತ್ತಿತ್ತು. ವ್ಯತ್ಯಾಸವನ್ನು ‘ರೌಂಡ್ ಆಫ್’ ಅಂತ ಬೇರೆ ಸಾಲಾಗಿ ತೋರಿಸಿ ಎರಡನ್ನೂ ಸರಿ ಮಾಡಿದೆವು. ಎರಡು ಜಿಪ್ ಬಿಚ್ಚಿ ಹೋಲಿಸಿದ್ದರೆ ಏನು ಬದಲಾಗಿದೆ ಅಂತ ಸಿಗುತ್ತಿತ್ತು, ಯಾಕೆ ಅನ್ನುವುದು ಸಿಗುತ್ತಿರಲಿಲ್ಲ.

ನನ್ನ ಆಯ್ಕೆ ಗಿಟ್. ಆದರೆ ಲೋಗೋ ಮತ್ತು ಪ್ರಿಂಟಿಂಗ್ ಡಿಸೈನ್‌ಗಳ ದೊಡ್ಡ ಫೈಲ್‌ಗಳು ಇವತ್ತಿಗೂ ಸಬ್‌ವರ್ಷನ್‌ನಲ್ಲೇ ಇವೆ. ಅವನ್ನು ಮರ್ಜ್ ಮಾಡಲು (ಇಬ್ಬರ ಬದಲಾವಣೆ ಸೇರಿಸಲು) ಬರುವುದಿಲ್ಲ, ಬೇರೆಯವರು ಬದಲಿಸದಂತೆ ಒಬ್ಬರು ಲಾಕ್ ಹಾಕಿ ಕೆಲಸ ಮಾಡಿದರೆ ಸಾಕು.