ಕ್ಯಾತ್ಸಂದ್ರದ ನಮ್ಮ ಹಾಲ್‌ನಲ್ಲಿ ಆಡಿಸ್ಸಿ ಕ್ಯಾಲಿಬ್ರೇಶನ್: ಬಹಳ ದಿನ ಬಳಸಿದ ಮೇಲೆ ಅನಿಸಿದ್ದು

ಹೋಮ್ ಥಿಯೇಟರ್ ರಿಸೀವರ್ (ಸ್ಪೀಕರುಗಳನ್ನೆಲ್ಲಾ ನಡೆಸೋ ಆಂಪ್ಲಿಫೈಯರ್) ತಗೊಂಡು ಅದ್ರ ಜೊತೆ ಬಂದ ಮೈಕ್‌ನ ಡಬ್ಬದಲ್ಲೇ ಬಿಟ್ಟಿರೋರು ತುಂಬಾ ಜನ ಇದಾರೆ, ಅವರಿಗೋಸ್ಕರನೇ ಇದನ್ನ ಬರೀತಿದೀನಿ. ದಯವಿಟ್ಟು ಅದನ್ನ ಹೊರಗೆ ತೆಗೀರಿ. ಆ ಮೈಕಿಂದ ರೂಮಲ್ಲಿ ಸೌಂಡ್ ಹೆಂಗೆ ಕೇಳುತ್ತೆ ಅಂತ ಅಳೆದು ಸ್ಪೀಕರುಗಳನ್ನ ರೂಮಿಗೆ ಹೊಂದಿಸೋ ಸಾಫ್ಟ್‌ವೇರೇ ಆಡಿಸ್ಸಿ, ಆ ಹೊಂದಿಸೋ ಕೆಲಸನೇ ಕ್ಯಾಲಿಬ್ರೇಶನ್. ಸ್ಪೀಕರ್ ಬದಲಾಯಿಸೋಕೆ ದುಡ್ಡು ಹಾಕೋಕ್ ಮುಂಚೆ ಮಾಡ್ಬೇಕಾದ ಕೆಲಸ ಇದು.

ನಮ್ಮನೇಲಿರೋದು ಡೆನಾನ್ ಎಕ್ಸ್ 2700ಎಚ್ ರಿಸೀವರ್, ಅದ್ರಲ್ಲಿ ಆಡಿಸ್ಸಿಯ ಮಲ್ಟ್‌ಈಕ್ಯೂ ಎಕ್ಸ್‌ಟಿ ಅನ್ನೋ ಆವೃತ್ತಿ ಬರುತ್ತೆ. ಸ್ಪೀಕರ್ 5.1, ಅಂದ್ರೆ ಐದು ಸ್ಪೀಕರ್ ಜೊತೆ ಬೇಸಿಗೇ ಅಂತ ಒಂದು ಸಬ್‌ವೂಫರ್ (ಸಬ್), ಅದು 12 ಇಂಚಿಂದು. ಹಾಲ್ 14 ಅಡಿ ಉದ್ದ 10 ಅಡಿ ಅಗಲ, ನೆಲಕ್ಕೆ ಟೈಲ್ಸ್, ಗೋಡೆ ಎಲ್ಲಾ ಬೋಳು ಪ್ಲಾಸ್ಟರ್, ಒಂದ್ ಕಡೆ ಅಡುಗೆಮನೆಗೆ ಬಾಗಿಲೇ ಇಲ್ಲ. ತುಮಕೂರಲ್ಲಿ ಮುಕ್ಕಾಲು ಮನೆ ಹಾಲ್ ಹಿಂಗೇ ಇರೋದು. ಇಂಥ ರೂಮಲ್ಲಿ ಬೇಸ್ ಒಂದೇ ಜಾಗದಲ್ಲಿ ಗುಂಯ್ ಅಂತ ನಿಂತ್ಕೊಳ್ಳುತ್ತೆ, 14 ಅಡಿ ಅಂತರದ ಎರಡು ಗೋಡೆ ಮಧ್ಯೆ 40 ಹರ್ಟ್ಜ್ ಹತ್ತಿರ ಒಂದು ಅಲೆ ಕೂತ್ಕೊಂಡ್ಬಿಡುತ್ತೆ, ಫೈಟ್ ಸೀನ್ ಬಂದ್ರೆ ಆ ಗುಂಯ್ ಕೆಳಗೆ ಮಾತೆಲ್ಲಾ ಮುಳುಗಿಹೋಗುತ್ತೆ. ಆಡಿಸ್ಸಿ ಅತಿ ಚೆನ್ನಾಗಿ ಮಾಡೋದು ಇದನ್ನೇ, ಆ ಉಬ್ಬನ್ನ ಕುಯ್ದು ಹಾಕುತ್ತೆ. ಮಾಡಿದ ಮೊದಲನೇ ದಿನ ನ್ಯೂಸ್ ನೋಡ್ತಿದ್ದಾಗ ನಮ್ಮಮ್ಮ "ಈಗ ಮಾತು ಬಿಡಿಸಿ ಬಿಡಿಸಿ ಕೇಳ್ತದೆ ಕಣಪ್ಪ" ಅಂದ್ರು, ನಾನು ಏನು ಮಾಡಿದೀನಿ ಅಂತ ಅವರಿಗೆ ಹೇಳೇ ಇರ್ಲಿಲ್ಲ.

ಮಾಡೋ ರೀತಿ ಮುಖ್ಯ. ಮೈಕ್ ಕೈಯಲ್ಲಿ ಹಿಡ್ಕೊಂಡೋ ಸೋಫಾ ದಿಂಬಿನ ಮೇಲೆ ಇಟ್ಟೋ ಮಾಡಬೇಡಿ, ಕ್ಯಾಮೆರಾ ಟ್ರೈಪಾಡ್ ಸಿಕ್ಕಿದ್ರೆ ಅದಕ್ಕೇ ಕೂರಿಸಿ, ಮೈಕ್ ತುದಿ ಸೂರಿನ ಕಡೆ, ಎತ್ತರ ಕಿವಿ ಮಟ್ಟಕ್ಕೆ. ಸೋಫಾ ಬೆನ್ನು ಎತ್ತರ ಇದ್ರೆ ಅದಕ್ಕಿಂತ ನಾಲ್ಕು ಬೆರಳು ಮೇಲಕ್ಕಿರಲಿ. ಒಟ್ಟು 8 ಜಾಗದಲ್ಲಿ ಅಳತೆ ತಗೊಳುತ್ತೆ, ಮೊದಲನೇದು ನೀವು ದಿನಾ ಕೂರೋ ಜಾಗನೇ ಆಗಿರಬೇಕು ಯಾಕಂದ್ರೆ ಸ್ಪೀಕರ್ ದೂರ, ಲೆವೆಲ್ ಎರಡೂ ಅಲ್ಲಿಂದಲೇ ಲೆಕ್ಕ. ಉಳಿದ ಏಳು ಅದ್ರ ಸುತ್ತಮುತ್ತ ಒಂದೆರಡು ಅಡಿ ಒಳಗೆ ಸಾಕು, ಗೋಡೆಗೆ ಅಂಟಿಸ್ಕೊಂಡು ಬೇಡ. ಒಂದೊಂದು ಸ್ಪೀಕರಿಂದಲೂ ಟುಯ್ಪ್ ಟುಯ್ಪ್ ಅಂತ ಸದ್ದು ಬರ್ತಾ ಇರುತ್ತೆ, ಆಗ ಫ್ಯಾನ್, ಫ್ರಿಡ್ಜ್, ಮೋಟರ್ ಎಲ್ಲಾ ಆಫ್. ನಮಗೆ ರೈಲ್ವೆ ಲೈನ್ ಹತ್ರ, ಗಾಡಿ ಹೋಗೋ ಸದ್ದು ಕಿವಿಗೆ ಕಮ್ಮಿ ಅನ್ಸಿದ್ರೂ ಆ ದಡದಡ ಕೆಳಗಿನ ಬೇಸಲ್ಲಿ ಮೈಕಿಗೆ ಸಿಕ್ಕೇ ಸಿಗುತ್ತೆ, ಅದಕ್ಕೆ ರಾತ್ರಿ ಎಲ್ಲಾರೂ ಮಲಗೋಕ್ ಮುಂಚೆ ಗಾಡಿ ಇಲ್ಲದ ಹೊತ್ತು ನೋಡ್ಕೊಂಡು ಮಾಡ್ತೀನಿ.

ಮುಗಿದ ಮೇಲೆ ರಿಸಲ್ಟ್ ಒಂದ್ಸಲ ನೋಡಿ. ಸಬ್ ಇರೋದು 10 ಅಡಿ ದೂರ, ತೋರಿಸೋದು ಅದಕ್ಕಿಂತ ಜಾಸ್ತಿ ಅಂದ್ರೆ ಗಾಬರಿ ಬೇಡ, ಸಬ್ ಒಳಗಿನ ಸರ್ಕ್ಯೂಟಿನ ತಡನೂ ಸೇರಿಸಿ ಲೆಕ್ಕ ಹಾಕಿರುತ್ತೆ, ಅದನ್ನ ತಿದ್ದಬೇಡಿ. ಸಬ್ ಲೆವೆಲ್ ಮೈನಸ್ 12 ಅಂತ ಬಂದಿದ್ರೆ ಸಬ್ ತೀರಾ ಜೋರಾಗಿದೆ ಅಂತ ಅರ್ಥ, ಅದ್ರ ಹಿಂದಿನ ನಾಬ್ ಇಳಿಸಿ ಇನ್ನೊಂದ್ಸಲ ಮಾಡಿ. ಮುಂದಿನ ಸ್ಪೀಕರ್ ಲಾರ್ಜ್ ಅಂತ ಬಂದಿದ್ರೆ ಸ್ಮಾಲ್ ಮಾಡಿ ಕ್ರಾಸ್‌ಓವರ್ 80 ಇಟ್ಕೊಳಿ, ಅಂದ್ರೆ 80 ಹರ್ಟ್ಜ್‌ಗಿಂತ ಕೆಳಗಿನ ಬೇಸ್ ಸಬ್‌ಗೆ ಹೋಗುತ್ತೆ. ಬುಕ್‌ಶೆಲ್ಫ್ ಥರದ ಚಿಕ್ಕ ಸ್ಪೀಕರಿಗೆ ಇದ್ರಿಂದ ಎಷ್ಟು ಆರಾಮ ಅಂದ್ರೆ ಜೋರಾಗಿಟ್ರೂ ಗೊರಗೊರ ಅನ್ನಲ್ಲ.

ಆಡಿಸ್ಸಿಲಿ ಡೈನಾಮಿಕ್ ಈಕ್ಯೂ ಅಂತ ಒಂದು ಸೆಟ್ಟಿಂಗ್ ಇದೆ, ಅದ್ರ ಬಗ್ಗೆ ಜಗಳ ಇದೆ, ಸುಮಾರು ಜನ ಆಫ್ ಮಾಡಿ ಅಂತಾರೆ. ನನಗೆ ಅದು ಬೇಕೇ ಬೇಕು. ರಾತ್ರಿ ಸೌಂಡ್ ಇಳಿಸಿದ್ರೆ ಕಿವಿಗೆ ಬೇಸ್ ಮೊದಲು ಕಮ್ಮಿ ಆಗೋದು, ಅದನ್ನ ಇದು ತುಂಬಿಕೊಡುತ್ತೆ. ಎಷ್ಟು ತುಂಬಬೇಕು ಅನ್ನೋದನ್ನ ಆಫ್‌ಸೆಟ್ ಅನ್ನೋ ಅಂಕಿ ಹೇಳುತ್ತೆ, ಅಂಕಿ ಜಾಸ್ತಿ ಆದಷ್ಟೂ ತುಂಬೋದು ಕಮ್ಮಿ. ಸಿನಿಮಾಗೆ ಆಫ್‌ಸೆಟ್ 0, ಟಿವಿ ಸೀರಿಯಲ್ಲಿಗೆ 10, ಹಾಡಿಗೆ 15. ಟಿವಿಗೂ 0 ಇಟ್ರೆ ಬೇಸ್ ಊದ್ಕೊಂಡು, ಹಿಂದಿನ ಸ್ಪೀಕರುಗಳು ಮುಂದಕ್ಕೆ ಬಂದು ಕೂತ್ಕೊಳ್ತವೆ. ಇನ್ನೊಂದು, ಆಡಿಸ್ಸಿ ರೆಫರೆನ್ಸ್ ಕರ್ವಲ್ಲಿ (ಸೌಂಡನ್ನ ಯಾವ ಮಟ್ಟಕ್ಕೆ ತರಬೇಕು ಅನ್ನೋ ಗುರಿ ಗೆರೆ) 2 ಕಿಲೋಹರ್ಟ್ಜ್ ಹತ್ರ ಬೇಕಂತಲೇ ಒಂದು ತಗ್ಗು ಇಟ್ಟಿರ್ತಾರೆ, ಮಾತಿನ ಸ್ಪಷ್ಟತೆ ಇರೋದು ಸರಿಯಾಗಿ ಅಲ್ಲೇ. ದುಡ್ಡು ಕೊಟ್ಟು ತಗೊಳೋ ಮಲ್ಟ್‌ಈಕ್ಯೂ ಎಡಿಟರ್ ಆಪಲ್ಲಿ ಅದನ್ನ ಆಫ್ ಮಾಡ್ಬಹುದು, ಸೆಂಟರ್ ಸ್ಪೀಕರಿಗೆ ಮಾಡಿದ್ಮೇಲೆ ಪಿಸುಮಾತು ಸೀನಲ್ಲೂ ರಿಮೋಟ್ ಹುಡುಕೋದು ತಪ್ತು. ಆಪ್ ದುಡ್ಡು ಇದೊಂದಕ್ಕೇ ವಸೂಲ್.

ಆದ್ರೆ ರೂಮಿನ ಪ್ರತಿಧ್ವನಿ ಇದ್ರಿಂದ ಹೋಗಲ್ಲ. ಚಪ್ಪಾಳೆ ತಟ್ಟಿದ್ರೆ ಟಣ್ ಅನ್ನೋ ಹಾಲ್ ಕ್ಯಾಲಿಬ್ರೇಶನ್ ಆದ್ಮೇಲೂ ಟಣ್ ಅಂತಲೇ ಅನ್ನುತ್ತೆ. ದಪ್ಪ ಪರದೆ, ನೆಲಕ್ಕೊಂದು ಜಮಖಾನ, ಪಕ್ಕದ ಗೋಡೆಗೆ ಪುಸ್ತಕದ ಶೆಲ್ಫ್ ಹಾಕಿ, ಆಮೇಲೆ ಮೈಕ್ ಇಡಿ. ಹಂಗೇ ಬೇಸ್ ಪೂರ್ತಿ ಸತ್ತಿರೋ ಜಾಗದಲ್ಲಿ ನೀವು ಕೂತಿದ್ರೆ ಆಡಿಸ್ಸಿ ಥರದ ಯಾವ ಈಕ್ಯೂನೂ ಅದನ್ನ ಎಬ್ಬಿಸಲ್ಲ, ಅಲ್ಲಿ ಒಂದು ಅಲೆ ಇನ್ನೊಂದು ಅಲೆನ ತಿಂದುಹಾಕಿರುತ್ತೆ. ಸಬ್‌ನ ಸೋಫಾ ಮೇಲೆ ಇಟ್ಟು ಬೇಸ್ ಇರೋ ಹಾಡು ಹಾಕಿ, ಗೋಡೆ ಪಕ್ಕ ಬಗ್ಗಿಕೊಂಡು ಓಡಾಡಿ, ಎಲ್ಲಿ ಸಮನಾಗಿ ಕೇಳುತ್ತೋ ಅಲ್ಲಿ ಸಬ್ ಇಡಿ.

ಎರಡು ಸಬ್ ಇಡೋ ಯೋಚನೆ ಇರೋರು ನಮ್ಮ 2700ಎಚ್ ಬಿಟ್ಟು, ಆಡಿಸ್ಸಿಯ ಮೇಲಿನ ಆವೃತ್ತಿ ಎಕ್ಸ್‌ಟಿ 32 ಇರೋ ಡೆನಾನ್ ಎಕ್ಸ್ 3700ಎಚ್ ಥರದ ರಿಸೀವರ್ ನೋಡಿ, ಅದು ಎರಡನ್ನೂ ಬೇರೆ ಬೇರೆ ಅಳೆಯುತ್ತೆ, ಇದ್ರಲ್ಲಿ ಸಬ್‌ಗೆ ಎರಡು ಔಟ್ ಇದ್ರೂ ಎರಡಕ್ಕೂ ಒಂದೇ ಸಿಗ್ನಲ್. ಒಂದೇ ಸಬ್ ಸಾಕು ಅನ್ನೋ ನಮ್ಮಂಥ ಹಾಲ್‌ಗೆ ಇದೇ ಧಾರಾಳ.