ಇರುವೆ ಪುಡಿ ಪ್ಯಾಕೆಟ್ಟಿನಲ್ಲಿ ಪಳೆಯುಳಿಕೆ

ದಾವಣಗೆರೆ ಎಪಿಎಂಸಿ ಕಡೆಯ ಗೊಬ್ಬರದಂಗಡಿಯಲ್ಲಿ ಡಯಾಟಮೇಶಿಯಸ್ ಅರ್ಥ್ ಅಂತ ಬಿಳಿ ಪುಡಿ ಸಿಗುತ್ತದೆ. ಇರುವೆ, ಜಿರಲೆಗೆ ಹಾಕುವಂಥದ್ದು. ಕೆಜಿಗೆ 300 ರೂಪಾಯಿ ಆಸುಪಾಸು. ನಾನು ತಂದಿದ್ದು ಫೋಟೋ ತೆಗೆಯೋಕೆ. ಈ ಪುಡಿ ಅಂದ್ರೆ ಡಯಾಟಮ್ ಎಂಬ ಒಂದೇ ಕೋಶದ ಪಾಚಿಯ ಸಿಲಿಕಾ ಚಿಪ್ಪು, ಪಳೆಯುಳಿಕೆ. ನನ್ನದು ರಕ್ತ ಪರೀಕ್ಷೆಯ ಲ್ಯಾಬ್. ಹಾಗಾಗಿ ಮೈಕ್ರೋಸ್ಕೋಪಿಗೆ ಬೇರೆ ಖರ್ಚಿಲ್ಲ.

ಪ್ಯಾಕೆಟ್ಟಿನಿಂದ ಚಿಟಿಕೆ ತೆಗೆದು ಹಾಗೇ ನೋಡಿದರೆ ಬೇಜಾರಾಗುತ್ತದೆ. ಮಂಡಕ್ಕಿ ಚೀಲದ ತಳದ ನುಚ್ಚಿನ ಹಾಗೆ ಬರೀ ಚೂರು. ತೊಳೆಯಬೇಕು. ಟೆಸ್ಟ್ ಟ್ಯೂಬಿನಲ್ಲಿ ಕಲಕಿ, ಮರಳು ತಳ ಸೇರಿದ ಮೇಲೆ ಮಬ್ಬು ನೀರನ್ನು ಬೇರೆ ಟ್ಯೂಬಿಗೆ ಬಗ್ಗಿಸಿ. ಸ್ವಲ್ಪ ಹೊತ್ತು ಬಿಟ್ಟು, ಇನ್ನೂ ತೇಲುವ ಧೂಳನ್ನು ಚೆಲ್ಲಿ, ತಳದಲ್ಲಿ ಉಳಿದದ್ದನ್ನು ಇಟ್ಟುಕೊಳ್ಳಿ. ಬೋರ್ ನೀರು ಬೇಡ, ಒಣಗಿದಾಗ ಉಪ್ಪಿನ ಹರಳು ಉಳಿಯುತ್ತದೆ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಾಕು.

ಆಮೇಲೆ ಅದರ ಒಂದು ಹನಿಯನ್ನು ಕವರ್ ಸ್ಲಿಪ್ (ಸ್ಲೈಡ್ ಮೇಲೆ ಮುಚ್ಚುವ ತೆಳು ಗಾಜು) ಮೇಲೆ ಒಣಗಿಸಿ, ಸ್ಲೈಡ್ ಮೇಲೆ ಬೋರಲು ಹಾಕಿ, ಅಂಚಿಗೆ ನೇಲ್ ಪಾಲಿಶ್ ಹಚ್ಚಿ. ನೀರಿನಲ್ಲೇ ಇಟ್ಟರೆ ಚಿಪ್ಪು ಕಾಣೋದೇ ಕಷ್ಟ. ನೀರಿನ ವಕ್ರೀಭವನ ಸೂಚ್ಯಂಕ, ಅಂದ್ರೆ ಬೆಳಕನ್ನು ಬಗ್ಗಿಸುವ ಅಳತೆ, 1.33, ಚಿಪ್ಪಿನದು 1.43ರ ಹತ್ತಿರ. ಒಣಗಿಸಿದಾಗ ಸುತ್ತ ಇರುವ ಗಾಳಿಯದು 1. ವ್ಯತ್ಯಾಸ ಜಾಸ್ತಿಯಾದಷ್ಟೂ ಗೆರೆ ಎದ್ದು ಕಾಣುತ್ತದೆ.

ನನ್ನ ಪ್ಯಾಕೆಟ್ಟಿನಲ್ಲಿ ಹೆಚ್ಚಿದ್ದದ್ದು ಔಲಕೋಸೈರಾ ಎಂಬ ಬಗೆಯ ಡಯಾಟಮ್. ಉದ್ದನೆಯ ಸಿಲಿಂಡರು, ಮೈತುಂಬ ತೂತಿನ ಸಾಲು. ಕೆಲವು ಜೋಡಿಗಳು ಬಿಡದೆ ಕಚ್ಚಿಕೊಂಡೇ ಇದ್ದವು, ಸಂದಿನಲ್ಲಿ ಸಣ್ಣ ಮುಳ್ಳುಗಳು. 40 ಎಕ್ಸ್, 0.65 ಎನ್‌ಎ (ಸೂಕ್ಷ್ಮ ವಿವರ ಬಿಡಿಸಿ ತೋರಿಸುವ ಶಕ್ತಿಯ ಅಳತೆ) ಲೆನ್ಸಿನಲ್ಲೇ ತೂತುಗಳು ಬಿಡಿಬಿಡಿಯಾಗಿ ಸಿಕ್ಕವು. ಸ್ಲೈಡ್ ಕೆಳಗೆ ಬೆಳಕು ಕೂಡಿಸುವ ಕಂಡೆನ್ಸರಿನ ಡಯಾಫ್ರಾಮ್, ಅಂದ್ರೆ ಬೆಳಕಿನ ಕಿಂಡಿ, ತೀರಾ ಮುಚ್ಚಬೇಡಿ. ಅಂಚು ಕಪ್ಪಗೆ ಚೆಂದ ಕಾಣುತ್ತದೆ, ತೂತು ಮಾಯವಾಗುತ್ತದೆ. ಕಂಡೆನ್ಸರ್ ಕೆಳಗೆ ಕಪ್ಪು ಕಾಗದ ಅರ್ಧ ಅಡ್ಡ ಹಿಡಿದರೆ ಉಬ್ಬುತಗ್ಗು ಬರುತ್ತದೆ. ಒಂದೇ ಫೋಕಸ್ಸಿಗೆ ಇಡೀ ಸಿಲಿಂಡರ್ ಸಿಗಲ್ಲ. ಫೈನ್ ಫೋಕಸ್ ತಿರುಗಿಸುತ್ತಾ ಮೊಬೈಲಿನಲ್ಲಿ ಸಾಲಾಗಿ ತೆಗೆದು, ಪಿಕೋಲೇ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಸೇರಿಸಿದೆ.

ತಕರಾರು ಒಂದೇ. ಯಾವ ಗಣಿಯ ಮಣ್ಣು ಅಂತ ಪ್ಯಾಕೆಟ್ಟಿನ ಮೇಲೆ ಎಲ್ಲೂ ಇಲ್ಲ. ಊರು ಗೊತ್ತಿಲ್ಲದೆ ವಯಸ್ಸು ಹೇಳೋದು ಹೇಗೆ? ನಮ್ಮ ಕಡೆ ಬಂಡೆಯಲ್ಲಂತೂ ಹುಡುಕಬೇಡಿ. ಚಿತ್ರದುರ್ಗದ ಮರಡಿಹಳ್ಳಿಯ ದಿಂಬು ಲಾವಾಕ್ಕೆ (ನೀರಿನಡಿ ದಿಂಬಿನಾಕಾರದಲ್ಲಿ ಗಟ್ಟಿಯಾದ ಲಾವಾ ಬಂಡೆ) ಸುಮಾರು 250 ಕೋಟಿ ವರ್ಷ. ಡಯಾಟಮ್ ಪಳೆಯುಳಿಕೆಗಳೆಲ್ಲ 20 ಕೋಟಿ ವರ್ಷದ ಈಚಿನವು.

ಫುಡ್ ಗ್ರೇಡ್ ಅಂತ ಇರೋದನ್ನೇ ಕೇಳಿ ತಗೊಳ್ಳಿ. ಈಜುಕೊಳದ ಫಿಲ್ಟರಿಗೆ ಬರುವ ಸುಟ್ಟ ಪುಡಿ ಶ್ವಾಸಕೋಶಕ್ಕೆ ಜಾಸ್ತಿ ಅಪಾಯ. ಯಾವುದೇ ಆದರೂ ಮಾಸ್ಕ್ ಹಾಕಿಕೊಂಡೇ ಪ್ಯಾಕೆಟ್ ಬಿಚ್ಚಿ.

ಇರುವೆಗೆ ಕೆಲಸ ಮಾಡುತ್ತಾ ಅಂದರೆ, ಒಣಗಿದ ಜಾಗದಲ್ಲಿ ಮಾಡುತ್ತದೆ. ಮನೆಯವಳು ಸಿಂಕ್ ಪಕ್ಕ ಉದುರಿಸಿದ್ದಳು. ಅಲ್ಲಿ ನೀರು ಬಿದ್ದು ಕೆಸರಾಯಿತು ಅಷ್ಟೇ.