ಶರಾವತಿ ಹಿನ್ನೀರಿಗೆ ಹಳೆಯ ಮೋಟಾರು ದೋಣಿ ಕೊಳ್ಳುವುದಾದರೆ: ಟೂ-ಸ್ಟ್ರೋಕೋ, ಫೋರ್-ಸ್ಟ್ರೋಕೋ?

ಹಳೆಯ ಟೂ-ಸ್ಟ್ರೋಕ್ ಎಂಜಿನ್ ಹಗುರ, ರಿಪೇರಿಯೂ ಸುಲಭ. ಒಬ್ಬರೇ ಎತ್ತಿ ಇಳಿಸುವವರಿಗೆ ಅದೇ ಸರಿ. ಆದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಪೆಟ್ರೋಲ್‌ಗೇ ಆಯಿಲ್ ಬೆರೆಸಬೇಕು: 50:1 ಮಿಶ್ರಣದ್ದಾದರೆ ಲೀಟರಿಗೆ 20 ಮಿಲಿ; ಮರೆತರೆ ಪಿಸ್ಟನ್ ಸೀಜ್, ಅಂದರೆ ಬಿಗಿದು ನಿಂತೇಬಿಡುತ್ತದೆ. ಫೋರ್-ಸ್ಟ್ರೋಕ್‌ಗೆ ಈ ರಗಳೆಯಿಲ್ಲ. ಆದರೆ ತೂಕ ಹೆಚ್ಚು, ಮಳೆಗಾಲವಿಡೀ ಪೆಟ್ರೋಲ್ ಒಳಗೇ ಬಿಟ್ಟರೆ ಕಾರ್ಬುರೇಟರ್ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತು) ಕಟ್ಟಿಕೊಳ್ಳುತ್ತದೆ.

ಯಾವುದೇ ಆಗಲಿ, ಎಂಜಿನ್ನಿನ ಕೆಳಭಾಗದ ಗೇರ್ ಆಯಿಲ್ ಸ್ಕ್ರೂ ಸಡಿಲಿಸಿ ನೋಡಿ: ಆಯಿಲ್ ಹಾಲಿನಂತಿದ್ದರೆ ಸೀಲ್ ಹೋಗಿ ನೀರು ಸೇರಿದೆ. ಕರಾವಳಿಯಿಂದ ಬಂದ ಎಂಜಿನ್ನಿನಲ್ಲಿ ಉಪ್ಪು ಕೂತು ತಂಪಿನ ನೀರಿನ ದಾರಿ ಮುಚ್ಚಿರಬಹುದು. ಸ್ಟಾರ್ಟ್ ಮಾಡಿದಾಗ ಎಂಜಿನ್ನಿನಿಂದ ಆ ನೀರಿನ ಧಾರೆ ಜೋರಾಗಿ ಚಿಮ್ಮಬೇಕು.

ಎಂಜಿನ್‌ಗಿಂತ ಮುಖ್ಯ, ಅದು ಕೂರುವ ಹಿಂಬದಿಯ ಹಲಗೆ. ಎಂಜಿನ್ನಿನ ಕಾಲು (ನೀರಿಗಿಳಿಯುವ ಕೆಳಭಾಗ) ಹಿಡಿದು ಎಳೆದಾಗ ಹಲಗೆ ಬಾಗಿದರೆ ಫೈಬರ್ ಒಳಗಿನ ಪ್ಲೈವುಡ್ ಕೊಳೆತಿದೆ. ಎಷ್ಟೇ ಅಗ್ಗವಾದರೂ ಬೇಡ.

ಬೇಸಿಗೆಯಲ್ಲಿ ಲಿಂಗನಮಕ್ಕಿ ಅಣೆಕಟ್ಟೆಯ ನೀರು ಇಳಿದಾಗ ಮುಳುಗಿದ್ದ ಮರದ ಬೊಡ್ಡೆಗಳು ಪ್ರೊಪೆಲ್ಲರ್‌ಗೆ ಬಡಿಯುತ್ತವೆ. ಶಿಯರ್ ಪಿನ್ (ಪೆಟ್ಟು ಬಿದ್ದಾಗ ತಾನು ಮುರಿದು ಗೇರ್ ಉಳಿಸುವ ಪಿನ್) ಇರುವ ಎಂಜಿನ್ನಾದರೆ ಎರಡು ಪಿನ್ ಜೊತೆಗಿರಲಿ.